ಬಿಸಿಯಾದಾಗ ಮಾತ್ರ ಸ್ಟಾರ್ಟ್ ಆಗದ ಬೈಕ್: ನಿಮ್ಮ ಅನುಭವ ಹೇಳಿ

ಪ್ರಶ್ನೆ, ಚಿಕ್ಕಮಗಳೂರಿನಿಂದ:

ನನ್ನದು ಒಂದೇ ಸಿಲಿಂಡರಿನ, ಫ್ಯೂಯೆಲ್ ಇಂಜೆಕ್ಷನ್ ಇರುವ ಟೂರಿಂಗ್ ಬೈಕ್. 52,000 ಕಿ.ಮೀ. ಓಡಿದೆ. ಬೆಳಿಗ್ಗೆ ಗುಂಡಿ ಒತ್ತಿದ ಕೂಡಲೇ ಸ್ಟಾರ್ಟ್ ಆಗುತ್ತದೆ, ಓಡುವಾಗಲೂ ಯಾವ ತೊಂದರೆಯೂ ಇಲ್ಲ. ಆದರೆ ಗಿರಿಯ ಕಡೆ ಹೋಗಿ ಸೀತಾಳಯ್ಯನಗಿರಿಯಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಮುಗಿಯಿತು. ಸೆಲ್ಫ್ ಜೋರಾಗಿಯೇ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಮುಕ್ಕಾಲು ಗಂಟೆ ಬಿಟ್ಟರೆ ಸರಿಯಾಗುತ್ತದೆ. ಬ್ಯಾಟರಿ, ಪ್ಲಗ್ ಎರಡನ್ನೂ ಬದಲಿಸಿದ್ದಾಯಿತು. ಕಳೆದ ವಾರ ಮಗಳ ಜೊತೆ ಕತ್ತಲಾಗುವವರೆಗೆ ಮಂಜಿನಲ್ಲಿ ನಿಲ್ಲಬೇಕಾಯಿತು. ಈಗ ಮೆಕ್ಯಾನಿಕ್ ಪೆಟ್ರೋಲ್ ಪಂಪ್ ಬದಲಿಸೋಣ ಎನ್ನುತ್ತಿದ್ದಾರೆ. ಮಾಡಿಸಲೇ?

ಹಾಸನದಿಂದ:

ದಯವಿಟ್ಟು ಈಗಲೇ ಪಂಪಿಗೆ ದುಡ್ಡು ಹಾಕಬೇಡಿ. ಇದೇ ತೊಂದರೆಯಿಂದ ನಾನು ಎಂಟು ತಿಂಗಳು ಒದ್ದಾಡಿದ್ದೇನೆ. ಬೇಕಿಲ್ಲದ ಮೂರು ಬಿಡಿಭಾಗ ಕೊಂಡ ಮೇಲೆ ನನಗೆ ಅರ್ಥವಾದದ್ದು ಇಷ್ಟು: ಗ್ಯಾರೇಜಿಗೆ ತಲುಪುವ ಹೊತ್ತಿಗೆ ಬೈಕ್ ತಣ್ಣಗಾಗಿರುತ್ತದೆ, ತಣ್ಣಗಾದ ಬೈಕಿನಲ್ಲಿ ರೋಗವೇ ಇರುವುದಿಲ್ಲ. ಪರೀಕ್ಷೆ ನಡೆಯಬೇಕಾದದ್ದು ಅದು ಕೈಕೊಟ್ಟ ಜಾಗದಲ್ಲಿ, ಕೈಕೊಟ್ಟ ಆ ಹತ್ತು ನಿಮಿಷದಲ್ಲಿ.

ಓಡುವಾಗ ಇಲ್ಲದ ತೊಂದರೆ ನಿಲ್ಲಿಸಿದ ಮೇಲೆ ಏಕೆ ಬರುತ್ತದೆ ಎಂದು ನೀವು ಯೋಚಿಸಿರಬಹುದು. ಎಂಜಿನ್ ಆರಿಸಿದಾಗ ಗಾಳಿಯೂ ನಿಲ್ಲುತ್ತದೆ, ಆಯಿಲ್ ಓಡಾಟವೂ ನಿಲ್ಲುತ್ತದೆ. ಸಿಲಿಂಡರಿನ ಬಿಸಿ ಎಲ್ಲಿಗೂ ಹೋಗಲಾರದೆ ಅಕ್ಕಪಕ್ಕದ ಭಾಗಗಳಿಗೆ ಇಳಿಯುತ್ತದೆ. ಹಾಗಾಗಿ ನಿಲ್ಲಿಸಿದ ಮೇಲಿನ ಹತ್ತು ಹದಿನೈದು ನಿಮಿಷ ಕೆಲವು ಭಾಗಗಳು ಓಡುವಾಗಿನದಕ್ಕಿಂತಲೂ ಹೆಚ್ಚು ಕಾದಿರುತ್ತವೆ.

ನನ್ನ ಬೈಕ್ ಚಾರ್ಮಾಡಿ ಹತ್ತಿದ ಮೇಲೆ ಕೊಟ್ಟಿಗೆಹಾರದಲ್ಲಿ ನಿಂತಿತು. ಆ ದಿನ ನನ್ನ ಬಳಿ ಹಳೆಯ ಪ್ಲಗ್ ಒಂದಿತ್ತು. ಅದನ್ನು ಕ್ಯಾಪಿಗೆ ಸಿಕ್ಕಿಸಿ, ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಇಟ್ಟು ಸೆಲ್ಫ್ ಒತ್ತಿದೆ. ಬರಿಗೈಯಲ್ಲಿ ಹಿಡಿಯಬೇಡಿ, ಹತ್ತಿರದಲ್ಲಿ ಪೆಟ್ರೋಲ್ ವಾಸನೆಯಿದ್ದರೆ ಈ ಪರೀಕ್ಷೆಯನ್ನು ಮಾಡಲೇಬೇಡಿ. ಕಿಡಿ ಬರಲಿಲ್ಲ. ಎಂಜಿನ್ನಿನ ಪ್ಲಗ್ ಬಿಚ್ಚಿ ನೋಡಿದರೆ ಒಣಗಿತ್ತು. ಕಿಡಿಯಿಲ್ಲದೆ ಪ್ಲಗ್ ಒದ್ದೆಯಾಗಿದ್ದರೆ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಪಡಬಹುದು. ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ ಎಂದರೆ ಎರಡಕ್ಕೂ ಸಮಯ ಹೇಳುವ ಕ್ರ್ಯಾಂಕ್ ಸೆನ್ಸರನ್ನು ಮೊದಲು ನೋಡಬೇಕು. ನಮ್ಮಲ್ಲಿ ಹಲವರು ಅದನ್ನು ಪಿಕಪ್ ಕಾಯಿಲ್ ಎಂದೇ ಕರೆಯುತ್ತಾರೆ. ಹೆಚ್ಚಿನ ಬೈಕ್‌ಗಳಲ್ಲಿ ಅದು ಎಂಜಿನ್ನಿನ ಬದಿಯಲ್ಲಿ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೋದ ಕವರಿನ ಒಳಗೆ, ಬಿಸಿ ಆಯಿಲಿನ ಪಕ್ಕದಲ್ಲೇ ಕೂತಿರುತ್ತದೆ. ಒಳಗಿನ ಕೂದಲೆಳೆಯಂಥ ತಂತಿ ಎಲ್ಲೋ ಬಿರುಕು ಬಿಟ್ಟಿದ್ದರೆ ಕಾದಾಗ ಹಿಗ್ಗಿ ಬೇರೆಯಾಗುತ್ತದೆ, ಆರಿದಾಗ ಮತ್ತೆ ಕೂಡಿಕೊಳ್ಳುತ್ತದೆ.

ಖಚಿತ ಮಾಡಿಕೊಳ್ಳಲು ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಮನೆಯಲ್ಲಿ ತಣ್ಣಗಿರುವಾಗ ಸೆನ್ಸರಿನ ಕನೆಕ್ಟರ್ ಬಿಚ್ಚಿ ಓಮ್, ಅಂದರೆ ಒಳಗಿನ ತಾಮ್ರದ ತಂತಿಯ ರೋಧ, ಅಳೆದು ಬರೆದಿಡಿ. ಕೈಕೊಟ್ಟಾಗ ಮತ್ತೆ ಅಳೆಯಿರಿ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಏರುತ್ತದೆ. ಆದ್ದರಿಂದ 20 ಡಿಗ್ರಿಯಲ್ಲಿ 200 ಓಮ್ ಇದ್ದದ್ದು 100 ಡಿಗ್ರಿಯಲ್ಲಿ 260ರ ಹತ್ತಿರ ತೋರಿಸಿದರೆ ಗಾಬರಿ ಬೇಡ, ಅದು ಸಹಜ. ಏನನ್ನೂ ತೋರಿಸದಿದ್ದರೆ ತಂತಿ ಕಡಿದಿದೆ ಎಂದೇ ಅರ್ಥ. ಎರಡು ತಂತಿಯ ಸೆನ್ಸರಿಗೆ ಮಾತ್ರ ಈ ಲೆಕ್ಕ. ಒಳಗೆ ತಂತಿಸುರುಳಿಯ ಬದಲು ಎಲೆಕ್ಟ್ರಾನಿಕ್ ಚಿಪ್ ಇರುವ ಮೂರು ತಂತಿಯ ಹಾಲ್ ಸೆನ್ಸರನ್ನು ಹೀಗೆ ಅಳೆಯಲಾಗದು.

ಮೀಟರ್ ಇಲ್ಲದಿದ್ದರೆ ಮ್ಯಾಗ್ನೆಟೋ ಕವರಿನ ಮೇಲೆ ಒದ್ದೆ ಬಟ್ಟೆ ಹಾಕಿ, ಐದು ನಿಮಿಷ ಮತ್ತೆ ಮತ್ತೆ ನೆನೆಸಿ. ಸಿಲಿಂಡರಿನ ಮೇಲೆ ಮಾತ್ರ ನೀರು ಸುರಿಯಬೇಡಿ. ಎಂದಿನ ಮುಕ್ಕಾಲು ಗಂಟೆಯ ಬದಲು ಐದೇ ನಿಮಿಷಕ್ಕೆ ಸ್ಟಾರ್ಟ್ ಆದರೆ ಉತ್ತರ ಸಿಕ್ಕಂತೆ.

ಅರಸೀಕೆರೆಯಿಂದ:

ಮೇಲಿನವರ ಮಾತಿಗೆ ಪೆಟ್ರೋಲ್ ಕಡೆಯ ಎರಡು ವಿಷಯ ಸೇರಿಸುತ್ತೇನೆ. ಕೈಕೊಟ್ಟಾಗ ಮೊದಲು ಟ್ಯಾಂಕಿನ ಮುಚ್ಚಳ ತೆರೆಯಿರಿ. ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ. ನಮ್ಮ ಕಡೆಯ ಧೂಳಿನಲ್ಲಿ ನನಗೆ ಎರಡು ಸಲ ಹೀಗಾಗಿದೆ, ಖರ್ಚು ಒಂದು ಪೈಸೆಯೂ ಇಲ್ಲ. ಇನ್ನು ಕೀ ತಿರುಗಿಸಿದಾಗ ಪಂಪ್ ಎರಡು ಮೂರು ಸೆಕೆಂಡ್ ಗುಂಯ್ ಎನ್ನುತ್ತದೆಯೇ, ಕೇಳಿ. ಬಿಸಿಯಲ್ಲಿ ಆ ಸದ್ದು ಇಲ್ಲದಿದ್ದರೆ ಮಾತ್ರ ಪಂಪ್ ಮತ್ತು ಅದರ ರಿಲೇ ಕಡೆ ಹೋಗಿ. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದೇ ಪೆಟ್ರೋಲ್, ಆದ್ದರಿಂದ ಘಟ್ಟ ಹತ್ತುವಾಗ ಟ್ಯಾಂಕ್ ತಳ ಕಾಣುವಂತೆ ಓಡಿಸಬೇಡಿ.

ಸಕಲೇಶಪುರದಿಂದ:

ನಿಮ್ಮ ಸೆಲ್ಫ್ ಜೋರಾಗಿ ತಿರುಗುತ್ತದೆ, ನನ್ನದು ಬಿಸಿಯಲ್ಲಿ ನರಳುತ್ತಿತ್ತು. ಬೇರೆ ಯಾರಿಗಾದರೂ ಹಾಗಿದ್ದರೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಬ್ಯಾಟರಿ ಹೊಸದು, 12.7 ವೋಲ್ಟ್ ಇತ್ತು. ಬ್ಯಾಟರಿಯ ಮೈನಸ್ಸಿಗೂ ಎಂಜಿನ್ನಿನ ಮೈಗೂ ಮೀಟರ್ ಇಟ್ಟು ಸೆಲ್ಫ್ ಒತ್ತಿದರೆ ಒಂದು ವೋಲ್ಟಿಗಿಂತ ಹೆಚ್ಚು ಅಲ್ಲಿಯೇ ಸೋರುತ್ತಿತ್ತು. ಅರ್ಧ ವೋಲ್ಟೂ ಹೆಚ್ಚೇ. ನಮ್ಮ ಮಳೆಗಾಲ ಅರ್ತ್ ತಂತಿಯ ಬುಡವನ್ನು ಹಸಿರುಗಟ್ಟಿಸಿತ್ತು. ಉಜ್ಜಿ ಬಿಗಿದೆ, ಅಷ್ಟೆ.

ಮೂಡಿಗೆರೆಯಿಂದ:

52,000 ಕಿ.ಮೀ. ಎಂದಿರಿ. ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ತುದಿಯಲ್ಲಿ ಬಿಡುವ ಸಣ್ಣ ಸಂದು) ಕೊನೆಯ ಸಲ ನೋಡಿಸಿದ್ದು ಯಾವಾಗ? ಎಕ್ಸಾಸ್ಟ್ ವಾಲ್ವ್ ಬಿಗಿಯಾಗಿದ್ದರೆ ಬಿಸಿಯಲ್ಲಿ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ. ಕಿಡಿ, ಪೆಟ್ರೋಲ್ ಎರಡೂ ಸರಿಯಿದ್ದೂ ಹಿಡಿಯದಿದ್ದರೆ ಇದನ್ನು ಮರೆಯಬೇಡಿ.

ಪ್ರಶ್ನೆ ಕೇಳಿದವರಿಂದ, ಒಂಬತ್ತು ದಿನಗಳ ನಂತರ:

ಎಲ್ಲರಿಗೂ ಮನಸಾರೆ ಧನ್ಯವಾದ. ಭಾನುವಾರ ಬೇಕೆಂದೇ ಗಿರಿಗೆ ಹೋಗಿ, ಇಳಿಯುವಾಗ ಕೈಮರದಲ್ಲಿ ನಿಲ್ಲಿಸಿ ಕಾದೆ. ಹನ್ನೆರಡನೆಯ ನಿಮಿಷಕ್ಕೆ ಕೈಕೊಟ್ಟಿತು. ಇಷ್ಟು ದಿನ ಹೆದರುತ್ತಿದ್ದ ಕ್ಷಣ ಅದು, ಆ ದಿನ ಸಂತೋಷವಾಯಿತು. ಮುಚ್ಚಳ ತೆರೆದೆ, ಸದ್ದಿಲ್ಲ. ಪಂಪ್ ಗುಂಯ್ ಎಂದಿತು. ಕಿಡಿ ಇಲ್ಲ. ಮನೆಯಲ್ಲಿ 212 ಓಮ್ ತೋರಿಸಿದ್ದ ಸೆನ್ಸರ್ ಅಲ್ಲಿ ಏನನ್ನೂ ತೋರಿಸಲಿಲ್ಲ. ಒದ್ದೆ ಬಟ್ಟೆ ಹಾಕಿದೆ. ಮೀಟರಿನಲ್ಲಿ ಅಂಕಿ ಮರಳಿ ಬಂದದ್ದನ್ನು ಮಗಳೇ ಮೊದಲು ನೋಡಿ ಕೂಗಿದಳು. ಹೊಸ ಸೆನ್ಸರ್ ಬಂದಿದೆ, ನಾಳೆ ಹಾಕಬೇಕು. ಕವರ್ ಬಿಚ್ಚುವಾಗ ಎಚ್ಚರ ವಹಿಸಬೇಕಾದದ್ದು ಏನಾದರೂ ಇದೆಯೇ?

ಹಾಸನದಿಂದ:

ಬೈಕನ್ನು ಆ ಕವರಿನ ಎದುರು ಬದಿಗೆ ಕೊಂಚ ವಾಲಿಸಿದರೆ ಆಯಿಲ್ ಹೆಚ್ಚು ಚೆಲ್ಲುವುದಿಲ್ಲ. ಮರಳಿ ಹಾಕುವಾಗ ಒಳಗಿನ ಮ್ಯಾಗ್ನೆಟ್, ಕವರನ್ನು ಫಕ್ಕನೆ ಎಳೆದುಕೊಳ್ಳುತ್ತದೆ, ಬೆರಳು ಅಂಚಿನಿಂದ ದೂರವಿರಲಿ. ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ. ತಂತಿ ಹೊರಬರುವ ರಬ್ಬರಿನ ಸುತ್ತ ಸೀಲೆಂಟ್ ಹಚ್ಚಿ.