ಅಪೆಂಡಿಕ್ಸ್‌ಗೆ ಮಾತ್ರೆ ಸಾಕಾ? ನಮ್ಮನೆ ಗ್ರೂಪಲ್ಲಿ ಭಾನುವಾರ ನಡೆದ ಚರ್ಚೆ

ದಿನೇಶ್ ಚಿಕ್ಕಪ್ಪ: (ಫಾರ್ವರ್ಡ್) ಅಪೆಂಡಿಕ್ಸ್‌ಗೆ ಇನ್ಮುಂದೆ ಆಪರೇಷನ್ ಬೇಡ, ಮಾತ್ರೆ ಸಾಕು! ಎಲ್ಲರಿಗೂ ಕಳಿಸಿ.
ನೋಡ್ರಪ್ಪ, ದುಡ್ಡಿಗೋಸ್ಕರ ಸುಮ್ನೆ ಹೊಟ್ಟೆ ಕೊಯ್ತಾರೆ.

ಪದ್ಮತ್ತೆ: ನಿಜ ಕಣೋ ದಿನೇಶ.

ಶ್ವೇತಾ: ಚಿಕ್ಕಪ್ಪ ಇದು ಪೂರ್ತಿ ಸುಳ್ಳಲ್ಲ, ಆದ್ರೆ ಮುಖ್ಯವಾದ್ದನ್ನೇ ಬಿಟ್ಟಿದಾರೆ. ಫಿನ್ಲೆಂಡಲ್ಲಿ 530 ಜನರ ಮೇಲೆ ಸ್ಟಡಿ ಮಾಡಿ 2015ರಲ್ಲಿ ಹಾಕಿದ್ರು, ಆಂಟಿಬಯಾಟಿಕ್ ತಗೊಂಡವ್ರಲ್ಲಿ ನೂರಕ್ಕೆ 27 ಜನಕ್ಕೆ ಒಂದು ವರ್ಷದೊಳಗೆ ಆಪರೇಷನ್ ಆಗಿತ್ತು, ಐದು ವರ್ಷಕ್ಕೆ ಕಾಯಿಲೆ ಮರುಕಳಿಸಿದವ್ರು 39. ಅದೂ ಸಿಟಿ ಸ್ಕ್ಯಾನಲ್ಲಿ ಅಪೆಂಡಿಕ್ಸ್ ಒಡೆದಿಲ್ಲ, ಅದರೊಳಗೆ ಮಲ ಗಟ್ಟಿಯಾಗಿ ಆಗೋ ಕಲ್ಲಿಲ್ಲ ಅಂತ ಖಾತ್ರಿ ಆದ್ಮೇಲೆ, ಮೊದಲ 3 ದಿನ ನರಕ್ಕೇ ಔಷಧಿ ಕೊಟ್ಟು.

ದಿನೇಶ್ ಚಿಕ್ಕಪ್ಪ: ಮಿಕ್ಕ 61 ಜನ ಆರಾಮಾಗಿದಾರಲ್ಲ, ನಾನ್ ಹೇಳ್ತಿರೋದೂ ಅದೇ. ಇಂಥ ದಾರಿ ಇದೆ ಅಂತ ಯಾವ ಡಾಕ್ಟ್ರು ಬಾಯಿಬಿಡ್ತಾರೆ?

ಶ್ವೇತಾ: ಅದು ಒಪ್ಪೋ ಮಾತೇ, ಕೇಳೋ ಹಕ್ಕು ನಮಗಿದೆ, ಕೇಳ್ಬೇಕು ಕೂಡ. ಆದ್ರೆ ಅಮೆರಿಕದ ಕೋಡಾ ಟ್ರಯಲ್, 2020ರದ್ದು, 1552 ಜನ, ಅದ್ರಲ್ಲಿ ಕಲ್ಲಿದ್ದವ್ರನ್ನೂ ಸೇರಿಸ್ಕೊಂಡಿದ್ರು. ಔಷಧಿ ತಗೊಂಡವ್ರಲ್ಲಿ 90 ದಿನದೊಳಗೆ ನೂರಕ್ಕೆ 29 ಜನಕ್ಕೆ ಆಪರೇಷನ್, ಕಲ್ಲಿದ್ದವ್ರಲ್ಲಿ 41. ಕಲ್ಲಿದ್ಯೋ ಇಲ್ವೋ ಮನೇಲಿ ಕೂತು ಹೇಗೆ ಗೊತ್ತಾಗುತ್ತೆ?

ಕಿರಣ: ನನ್ ಕತೆ ಮರೆತ್ರಾ ಎಲ್ಲಾರೂ? ಹೊಕ್ಕಳ ಸುತ್ತ ಶುರುವಾಗಿದ್ದು ಬಲಗಡೆ ಕೆಳಗೆ ಇಳೀತು, ಗ್ಯಾಸು ಅಂದ್ಕೊಂಡು ಓಂಕಾಳು ಜಗಿದು ಮೆಡಿಕಲ್ ಶಾಪಲ್ಲಿ ನೋವಿನ ಮಾತ್ರೆ ತಗೊಂಡು ಎರಡು ದಿನ ತಳ್ಳಿದೆ, ಮೂರನೇ ದಿನ ಬೆಳಗ್ಗೆ ನೋವು ಇದ್ದಕ್ಕಿದ್ದಂಗೆ ಕಮ್ಮಿ ಆಯ್ತು, ವಾಸಿಯಾಯ್ತು ಅಂತ ಇಡ್ಲೀನೂ ತಿಂದೆ, ಒಡೆದಿದ್ದಕ್ಕೆ ಕಮ್ಮಿ ಆಗಿದ್ದು ಅಂತ ಆಮೇಲೆ ಗೊತ್ತಾಯ್ತು. ಸಾಯಂಕಾಲ ಜ್ವರ, ಹೊಟ್ಟೆ ಹಲಗೆ ಥರ ಬಿಗಿದಿತ್ತು. 11 ದಿನ ಆಸ್ಪತ್ರೆ, ಕೀವಿಗೆ ಪೈಪು.

ದಿನೇಶ್ ಚಿಕ್ಕಪ್ಪ: ನೋವು ಕಮ್ಮಿ ಆಗಿತ್ತು ಅನ್ನೋದು ನಂಗೊತ್ತಿರ್ಲಿಲ್ಲ ಕಣೋ.

ಪದ್ಮತ್ತೆ: ಶ್ವೇತಾ, ನಿಮ್ಮ ಮಾವಂಗೆ ಹರ್ನಿಯಾ ಇದ್ಯಲ್ಲ, ಅದಕ್ಕೂ ಮಾತ್ರೆ ನಡೆಯುತ್ತಾ?

ಶ್ವೇತಾ: ಇಲ್ಲ ಅತ್ತೆ. ಕರುಳು ಸಿಕ್ಕಾಕೊಂಡ್ರೆ ರಕ್ತ ಓಡದೆ ಗಂಟೆಗಳಲ್ಲೇ ಕೊಳೆಯೋಕೆ ಶುರುವಾಗುತ್ತೆ, ಅಲ್ಸರ್ ತೂತಾದ್ರೂ ಅಷ್ಟೇ, ಕಾಯೋ ಹಂಗಿಲ್ಲ. ಮಾವನ ಹರ್ನಿಯಾ ಗಂಟು ಮಲಗಿದಾಗ ಒಳಗೆ ಹೋಗುತ್ತಾ?

ಪದ್ಮತ್ತೆ: ಹೋಗುತ್ತೆ.

ಶ್ವೇತಾ: ಹೋಗದೇ ಗಟ್ಟಿಯಾಗಿ ನೋವೋ ವಾಂತಿಯೋ ಬಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಸೀದಾ ಆಸ್ಪತ್ರೆಗೆ ಹೊರಡಿ, ದಾರೀಲಿ ನಂಗೆ ಫೋನ್ ಮಾಡಿ.