ರೀಲ್ಸ್ ಓಡ್ತಿದೆ, ಆರ್ಡರ್ ಬರ್ತಿಲ್ಲ. ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವಿರೋದು ಕೊಡಗಿನ ನಾಪೋಕ್ಲು ಹತ್ರ. ನಾನೂ ಅತ್ತೆಯೂ ಸೇರಿ ಮನೇಲೇ ಕಾಚಂಪುಳಿ (ಹಣ್ಣಿನ ರಸ ಕುದಿಸಿ ಮಾಡೋ, ಅಡುಗೆಗೆ ಹಾಕೋ ಕಪ್ಪು ಹುಳಿ) ಮಾಡಿ ಮಾರ್ತೀವಿ, ಜೊತೆಗೆ ಸ್ವಲ್ಪ ಕಾಫಿಪುಡಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಆಗಿದೆ, ಆ 14 ಅಂಕಿ ನಂಬರ್ ಲೇಬಲ್ ಮೇಲೂ ಇದೆ.

ಒಂದು ವರ್ಷದಿಂದ ಇನ್‌ಸ್ಟಾಗ್ರಾಮ್ ಪೇಜ್ ನಡೆಸ್ತಿದ್ದೀನಿ. ಹಣ್ಣಿನ ರಸ ಒಲೆ ಮೇಲೆ ಕುದ್ದು ಕುದ್ದು ಕಪ್ಪಗಾಗೋ ರೀಲ್ 40 ಸಾವಿರ ಜನ ನೋಡಿದ್ರು. ಬಂದ ಆರ್ಡರ್ ಮೂರು! ಕಾಮೆಂಟಲ್ಲಿ ಅರ್ಧ ಜನ ‘ಇದು ಪುನರ್ಪುಳಿನಾ (ಕೋಕಂ)?’ ಅಂತಾರೆ. ಅಲ್ಲ ಕಣ್ರೀ, ಅದೇ ಬೇರೆ ಹಣ್ಣು. ಇನ್ನರ್ಧ ರೇಟ್ ಕೇಳಿ ಮಾಯ. ಗಾಜಿನ ಬಾಟಲಿ ಆದ್ದರಿಂದ ಕೊರಿಯರ್ ಖರ್ಚು ಕೇಳಿದ್ರೆ ನನಗೇ ಬೇಜಾರಾಗುತ್ತೆ.

1,000 ರೂಪಾಯಿ ಹಾಕಿ ಒಮ್ಮೆ ಬೂಸ್ಟ್ ಮಾಡಿದೆ, ಅಂದ್ರೆ ದುಡ್ಡು ಕೊಟ್ಟು ಪೋಸ್ಟನ್ನ ಜಾಹೀರಾತಾಗಿ ಹೆಚ್ಚು ಜನಕ್ಕೆ ತೋರಿಸಿದೆ. ಗುರಿ ‘ಪ್ರೊಫೈಲ್ ವಿಸಿಟ್’ ಅಂತ ಆಯ್ಕೆ ಮಾಡಿದ್ದೆ, ಊರು ಇಡೀ ಕರ್ನಾಟಕ. ಫಾಲೋವರ್ಸ್ ಬಂದ್ರು, ದುಡ್ಡು ಬರ್ಲಿಲ್ಲ. ಆದ್ರೆ ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗ್ ನೋಡಿ ತಗೊಳ್ಳೋ ಹಳೇ ಗಿರಾಕಿಗಳು ಮಾತ್ರ ಬಿಡದೆ ತಗೋತಾರೆ. ಹೆಚ್ಚಿನವರು ಬೆಂಗಳೂರು, ಮೈಸೂರಲ್ಲಿರೋ ನಮ್ಮ ಕೊಡಗಿನವರೇ. ಪಂದಿ ಕರಿಗೆ (ಹಂದಿ ಮಾಂಸದ ಅಡುಗೆ) ಕಾಚಂಪುಳಿ ಇಲ್ಲದೆ ಆಗಲ್ವಲ್ಲ.

ಮಳೆಗಾಲ ಶುರುವಾದ್ರೆ ಇಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಅಷ್ಟರೊಳಗೆ ತೀರ್ಮಾನ ಮಾಡ್ಬೇಕು. ಕೈಯಲ್ಲಿ 2,000 ರೂಪಾಯಿ ಇದೆ. ಬೆಂಗಳೂರು, ಮೈಸೂರಿಗೆ ಮಾತ್ರ, ಗುರಿ ‘ಮೆಸೇಜ್’ ಇಟ್ಟು ಇನ್ನೊಮ್ಮೆ ಬೂಸ್ಟ್ ಮಾಡ್ಲಾ? ಅಥವಾ ಜಾಹೀರಾತು ಬಿಟ್ಟು, ಅದೇ ದುಡ್ಡಲ್ಲಿ ಹಳೇ ಗಿರಾಕಿಗಳಿಗೆ ಕೊರಿಯರ್ ಫ್ರೀ ಕೊಡ್ಲಾ? ಹೀಗೆ ಮಾಡಿ ನೋಡಿದವರು ಯಾರಾದ್ರೂ ಇದ್ರೆ ಹೇಳಿ.