ಕಲಂ 14: ಅಂಗಡಿ ಯಾರದು? ಲಾ ಬ್ಯಾಚ್ ಗುಂಪಿನ ವಾದ

ಮಹಾಂತೇಶ: ಗೋಕುಲ ರೋಡಿನ ಐಸ್‌ಕ್ರೀಮ್ ಫ್ರಾಂಚೈಸಿ (ಕಂಪನಿ ಹೆಸರಿನ್ಯಾಗ ಅಂಗಡಿ ನಡಸೋ ಕರಾರು) ಡ್ರಾಫ್ಟ್ ಹಾಕೀನಿ, ಕಲಂ 14 ನೋಡ್ರಿ. "ಕರಾರು ಮುಗಿದ ದಿನವೇ ಮಳಿಗೆಯ ಲೀಸ್ ಕಂಪನಿಗೆ ಅಥವಾ ಅದು ಸೂಚಿಸಿದವರಿಗೆ ವರ್ಗವಾಗತಕ್ಕದ್ದು." ನನ್ನ ಪಾರ್ಟಿ, ಅಂದ್ರ ಅಂಗಡಿ ಬಾಡಿಗಿ ಹಿಡದು ಫ್ರಾಂಚೈಸಿ ತಗೊಳ್ಳಾಂವ, ನಾಳೆ ಸಹಿ ಮಾಡ್ತೀನಿ ಅಂತಾನ.

ಬಸವರಾಜ: ಹೊಡದು ಹಾಕಸು. ಡಿಪಾಸಿಟ್ ಇವಂದು, ಫರ್ನಿಚರ್ ಇವಂದು, ಅಂಗಡಿ ಮಾತ್ರ ಅವರದೇನು?

ಇರ್ಫಾನ್: ಹೊಡದ್ರ ಕಂಪನಿ ಸಹಿನ ಮಾಡಂಗಿಲ್ಲ ಬಸು. ಕಾಂಟ್ರ್ಯಾಕ್ಟ್ ಆಕ್ಟಿನ 27ನೇ ಕಲಂ ನೆನಪೈತಿಲ್ಲೋ? ಕರಾರು ಮುಗದ ಮ್ಯಾಲ "ಅದೇ ಧಂಧೆ ಮಾಡಬ್ಯಾಡ" ಅನ್ನೋ ಷರತ್ತು ಕೋರ್ಟಿನ್ಯಾಗ ನಿಲ್ಲಂಗಿಲ್ಲ. ಬೋರ್ಡ್ ಬದಲಿಸಿ ಅದೇ ಜಾಗಾದಾಗ ಅದೇ ಗಿರಾಕಿಗೆ ಮಾರಿದ್ರ, ತಡಿಯಾಕ ಕಂಪನಿಗೆ ಉಳಿಯೂದು ಲೀಸ್ ಒಂದ.

ಸುನಂದಾ: ಇಬ್ಬರೂ ಅಂಗಡಿ ಮಾಲಕನ್ನ ಮರತೀರಿ. ಆಸ್ತಿ ವರ್ಗಾವಣೆ ಕಾಯ್ದೆ 1882ರ ಕಲಂ 108(ಜೆ) ಪ್ರಕಾರ, ಕರಾರಿನ್ಯಾಗ ಬ್ಯಾರೆ ಬರದಿಲ್ಲಂದ್ರ ಬಾಡಿಗಿದಾರ ವರ್ಗಾನೂ ಮಾಡಬಹುದು, ಒಳಬಾಡಿಗಿನೂ ಕೊಡಬಹುದು. ಆದ್ರ "ಮಾಲಕರ ಲಿಖಿತ ಒಪ್ಪಿಗೆ ಇಲ್ಲದೆ ಪರಭಾರೆ ಮಾಡತಕ್ಕದ್ದಲ್ಲ" ಅನ್ನೋ ಸಾಲು ಇಲ್ಲದ ಲೀಸ್ ಡೀಡ್ (ಬಾಡಿಗಿ ಪತ್ರ) ಎಲ್ಲಿ ಸಿಗತೈತಿ? ಫ್ರಾಂಚೈಸಿ ಕರಾರಿಗೆ ಮಾಲಕ ಸಹಿ ಮಾಡಿಲ್ಲ, ಅದು ಅವನಿಗೆ ತಾಗಂಗಿಲ್ಲ.

ಮಹಾಂತೇಶ: ಡೀಡ್ 11 ತಿಂಗಳದ್ದು ಅಕ್ಕಾ, ನೋಟರಿ ಅಷ್ಟ. ಫ್ರಾಂಚೈಸಿ 5 ವರ್ಷ.

ಸುನಂದಾ: ಹಂಗಾರ ಕಲಂ 14 ಇದ್ರೇನು, ಬಿಟ್ರೇನು! 11 ತಿಂಗಳ ಆದಮ್ಯಾಲ ತಿಂಗಳ ಬಾಡಿಗಿ, 15 ದಿವಸದ ನೋಟಿಸ್ ಕೊಟ್ರ ಮುಗೀತು. ಅಂಗಡಿ 14 ಚದರ ಮೀಟರಿಗಿಂತ ದೊಡ್ಡದಿದ್ರ 1999ರ ಕರ್ನಾಟಕ ಬಾಡಿಗಿ ಕಾಯ್ದೆ ಆಸರಾನೂ ಇಲ್ಲ. ಮೊದ್ಲ 5 ವರ್ಷದ ಲೀಸ್ ರಿಜಿಸ್ಟರ್ ಮಾಡಸು. ಬರೇ ಬಾಂಡ್ ಪೇಪರಿನ ಮ್ಯಾಲ 5 ವರ್ಷ ಅಂತ ಬರದ್ರ ಆ ಅವಧಿ ಸಾಬೀತು ಮಾಡಾಕ ಬರಂಗಿಲ್ಲ.

ಬಸವರಾಜ: ಅದಕ್ಕ, ಕಂಪನಿನ ಲೀಸ್ ತಗೊಂಡು ಇವಂಗ ಒಳಬಾಡಿಗಿ ಕೊಡ್ಲಿ.

ಇರ್ಫಾನ್: ಅದರಾಗ ಸಿಗಬೀಳಾಂವ ಇವನ. ಕಂಪನಿ ಬಾಕಿ ಇಟ್ಟು ಮಾಲಕ ಮೂಲ ಲೀಸ್ ರದ್ದು ಮಾಡಿದ್ರ, ಅದೇ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 115 ಪ್ರಕಾರ ಒಳಲೀಸೂ ಹೋಗತೈತಿ, ಇವ ಪ್ರತಿ ತಿಂಗಳಾ ಬರೋಬ್ಬರಿ ತುಂಬಿದ್ರೂ. ಕಂಪನಿ ತಾನಾಗಿ ಲೀಸ್ ಬಿಟ್ಟುಕೊಟ್ರ ಮಾತ್ರ ಒಳಲೀಸ್ ಉಳೀತೈತಿ. ಆ ದಾರಿ ಹಿಡದ್ರ, ಬಾಕಿ ನೋಟಿಸ್ ಇವನಿಗೂ ಬರಬೇಕು, ಮಾಲಕಗ ನೇರ ಕಟ್ಟಿ ಕಂಪನಿ ಲೆಕ್ಕದಾಗ ಮುರಕೊಳ್ಳೋ ಹಕ್ಕು ಬೇಕು.

ಬಸವರಾಜ: ಸರಿ, ಕಲಂ ಇರ್ಲಿ. ವರ್ಗ ಆದಮ್ಯಾಲ ಕಂಪನಿ ಬಾಡಿಗಿ ತುಂಬದಿದ್ರ?

ಸುನಂದಾ: ಈಗ ಸರಿ ಕೇಳಿದಿ. 108(ಜೆ) ಪೂರ್ತಿ ಓದ್ರಿ: ವರ್ಗ ಮಾಡಿದ್ದಕ್ಕ ಹಳೇ ಬಾಡಿಗಿದಾರನ ಹೊಣೆ ತಪ್ಪಂಗಿಲ್ಲ. ಮಾಲಕ ಇವನ ಮ್ಯಾಲ ದಾವಾ ಹಾಕಬಹುದು. ಹಂಗಾಗಿ ಮಾಲಕ, ಕಂಪನಿ, ಇವ, ಮೂವರೂ ಒಂದ ಪತ್ರಕ್ಕ ಸಹಿ ಮಾಡಬೇಕು, ಲೀಸ್ ರಿಜಿಸ್ಟ್ರಿ ದಿನಾನ. ಅದರಾಗ ಹಿಂಗ ಬರೀಬೇಕು: ವರ್ಗದ ದಿನದಿಂದ ಇವ ಮುಕ್ತ. ಹಿಂದಿನ ಬಾಕಿ ಇವಂದು. ಡಿಪಾಸಿಟ್ ಕೈಗೆ ಬಂದಮ್ಯಾಲ ಕೀಲಿ ಕೊಡೂದು. ಡೀಪ್ ಫ್ರೀಜರ್, ಕೌಂಟರ್ ಸವಕಳಿ ಕಳದು ಉಳಿದ ಬೆಲೆಗೆ ಕಂಪನಿ ತಗೋಬೇಕು. ಅಂಗಡಿ ಬೇಕೋ ಬ್ಯಾಡೋ ಅಂತ ಕಂಪನಿ 30 ದಿನದಾಗ ಬರದು ತಿಳಿಸಬೇಕು, ಇಲ್ಲಂದ್ರ ಹಕ್ಕು ಹೋತು. "ಸೂಚಿಸಿದವರಿಗೆ" ಅನ್ನೂದನ್ನ ತಗದು ಹಾಕು. ಯಾರಂತ ಗೊತ್ತಿಲ್ಲದವನಿಗೆ ಮಾಲಕ ಯಾಕ ಒಪ್ಪತಾನ?

ಇರ್ಫಾನ್: ಅದನ್ನ ಬಿಡಂಗಿಲ್ಲ ಅಕ್ಕಾ. ಮುಂದಿನ ಫ್ರಾಂಚೈಸಿದಾರನ್ನ ಕೂಡಸಾಕ ಕಂಪನಿಗೆ ಅದ ಬೇಕು. "ಬಾಡಿಗಿಗೆ ಕಂಪನಿ ಜಾಮೀನು" ಅಂತ ಸೇರಸ್ರಿ, ಮಾಲಕ ಒಪ್ಪತಾನ.

ಬಸವರಾಜ: ಕಂಪನಿ ಜಾಮೀನು ಕೊಡತೈತಂತ! ಬರದಿದ್ದು ತೋರಸು, ಆಮ್ಯಾಲ ಮಾತಾಡೂಣು.

ಮಹಾಂತೇಶ: ಪಾರ್ಟಿಗೆ ನಾಳೆ ಬ್ಯಾಡ ಅಂದೆ. ಮಾಲಕ ಪುಣೆದಾಗ ಇರ್ತಾನ, ಪವರ್ ಆಫ್ ಅಟಾರ್ನಿ ತಮ್ಮನ ಹೆಸರಿಲೆ ಐತಂತ.

ಸುನಂದಾ: ಅದರಾಗ ಲೀಸ್ ಬರಕೊಡೋ ಅಧಿಕಾರ ಐತೇನು ನೋಡು. ಬರೇ ಬಾಡಿಗಿ ವಸೂಲಿದ್ದಿದ್ರ ನಡಿಯಂಗಿಲ್ಲ.